ಗದುಗಿನ ಭಾರತದ ಪೂರ್ವಕಥೆ: ಐರಾವತವೂ ಅದರ ವಾಚಕರೂ

ಮಹಾಕಾವ್ಯವೊಂದು ಜನರ ಮನಸ್ಸಿನಲ್ಲಿ ನೆಲೆಗೊಂಡ ಮೇಲೆ ಅದರ ಮುಂದಿನ ಕಥೆಯನ್ನೂ ಹಿಂದಿನ ಕಥೆಯನ್ನೂ ಕೇಳಬೇಕೆಂಬ ಆಶೆ ಹುಟ್ಟುವುದು ಸಹಜವಾಗಿದೆ. ಕವಿಯು ಎಲ್ಲಿ ನಿಲ್ಲಿಸಿದನೋ ಅಲ್ಲಿಂದ ಮುಂದಕ್ಕೆ ಹೋಗಬೇಕೆನ್ನುವವರು ಕೆಲವರು. ಕಥಾನಾಯಕರು ಇನ್ನೂ ಎಳೆಯರಾಗಿದ್ದಾಗ ಏನು ಮಾಡಿದರೆಂದು ಕೇಳುವವರು ಕೆಲವರು. ಗದುಗಿನ ನಾರಣಪ್ಪನ ಕರ್ಣಾಟ ಭಾರತ ಕಥಾಮಂಜರಿಗೆ ಈ ಎರಡು ಬಗೆಯ ಬೇಡಿಕೆಯೂ ಬಂದಿತು. ಮುಂದಿನ ಕಥೆಯ ಸಂಗತಿ ಎಲ್ಲರಿಗೂ ವಿದಿತವಾದುದೇ ಆಗಿದೆ. ಹಿಂದಿನ ಕಥೆಯಾದ ‘ಐರಾವತ’ದ ಸಂಗತಿಯಾದರೋ ಸಾಹಿತ್ಯಚರಿತ್ರೆಗಳಲ್ಲಿ ಒಂದೆರಡು ಪಂಕ್ತಿಗಳಿಗೆ ಮುಗಿದುಹೋಗುತ್ತದೆ. ಕುಮಾರವ್ಯಾಸನ ಹೆಸರಿನ ಕೆಳಗೆ ಭಾರತವನ್ನು ಹೇಳಿ, ಇದಲ್ಲದೆ ಐರಾವತವೆಂಬ ಸಣ್ಣ ಕೃತಿಯೂ ಅವನದೆಂದು ಹೇಳುತ್ತಾರೆಂದು ಸೇರಿಸಿ, ಅದು ಅವನದು ಹೌದೋ ಅಲ್ಲವೋ ಎಂಬ ಸಂದೇಹವನ್ನು ಸೂಚಿಸಿ ಮುಂದಕ್ಕೆ ನಡೆಯುವುದು ರೂಢಿಯಾಗಿದೆ. ಆ ಕೃತಿಯನ್ನು ಓದಿದವರೂ ಕೇಳಿದವರೂ ಅದನ್ನು ಹೇಗೆ ಕಂಡರು, ಏಕೆ ಹಾಗೆ ಕಂಡರು ಎಂಬ ಪ್ರಶ್ನೆಯು ಕರ್ತೃತ್ವದ ಪ್ರಶ್ನೆಯ ಕೆಳಗೆ ಹೂತುಹೋಗಿದೆ.

ಮೊದಲು ಮುಂದಿನ ಕಥೆಯನ್ನೇ ತೆಗೆದುಕೊಳ್ಳಬಹುದು. ಕುಮಾರವ್ಯಾಸನ ಭಾರತವು ಹತ್ತು ಪರ್ವಗಳಲ್ಲಿ, ದುರ್ಯೋಧನನ ಪತನದೊಡನೆ ನಿಲ್ಲುತ್ತದೆ. ಹದಿನೆಂಟು ಪರ್ವಗಳ ಕಥೆ ಹತ್ತಕ್ಕೇ ನಿಂತಿತಲ್ಲ ಎಂಬ ಕೊರತೆಯನ್ನು ಜನರು ಸುಮ್ಮನೆ ಸಹಿಸಲಿಲ್ಲ. ಅಶ್ವತ್ಥಾಮನೇ ಮರೆಯಲ್ಲಿ ಬಂದು ಕವಿಗೆ ಕಥೆಯನ್ನು ಹೇಳುತ್ತಿದ್ದನೆಂದೂ, ಗುಟ್ಟು ಬಯಲಾದುದರಿಂದ ಹೇಳುವುದು ಅಲ್ಲಿಗೆ ನಿಂತಿತೆಂದೂ ಒಂದು ಐತಿಹ್ಯವು ಹುಟ್ಟಿತು. ಕೃಷ್ಣದೇವರಾಯನ ಆಳಿಕೆಯಲ್ಲಿ (೧೫೦೯–೧೫೨೯) ತಿಮ್ಮಣ್ಣಕವಿಯು ಉಳಿದ ಪರ್ವಗಳನ್ನು ಬರೆದು ಮುಗಿಸಿದನು. ಒಂದು ಕಾವ್ಯದ ಕೊನೆಯಲ್ಲಿ ಬಿಟ್ಟ ಜಾಗವನ್ನು ಐತಿಹ್ಯವೊಂದರಿಂದಲೂ ಅರಸನ ಅಪೇಕ್ಷೆಯಿಂದಲೂ ತುಂಬಬೇಕಾಯಿತೆಂದರೆ ಆ ಜಾಗವು ಓದುಗರಿಗೆ ಎಷ್ಟು ಸ್ಪಷ್ಟವಾಗಿ ಕಾಣುತ್ತಿದ್ದಿತೆಂಬುದು ತಿಳಿಯುತ್ತದೆ. ಆದರೆ ಕಾವ್ಯದ ಮೊದಲಲ್ಲಿ ಯಾವ ಜಾಗವೂ ಬಿಟ್ಟಿರಲಿಲ್ಲ. ಆದಿಪರ್ವವು ಪೂರ್ಣವಾಗಿಯೇ ಇದೆ. ಪಾಂಡವರ ಜನನ, ಕೌರವರೊಡನೆ ಅವರ ಬಾಲ್ಯ, ದ್ರೋಣನಲ್ಲಿ ಶಸ್ತ್ರಾಭ್ಯಾಸ, ಅರಗಿನ ಮನೆ, ದ್ರೌಪದಿಯ ಸ್ವಯಂವರ, ಎಲ್ಲವೂ ಅಲ್ಲಿ ಉಂಟು. ಹಾಗಿದ್ದರೂ ಶಸ್ತ್ರಾಭ್ಯಾಸಕ್ಕೂ ಅರಗಿನ ಮನೆಗೂ ನಡುವೆ ಇನ್ನೊಂದು ಕಥೆಯನ್ನು ಸೇರಿಸಿ, ಅದಕ್ಕೂ ಗದುಗಿನ ಕವಿಯ ಹೆಸರನ್ನೇ ಇಟ್ಟರೆಂದರೆ, ಅದು ಕೊರತೆಯಿಂದ ಹುಟ್ಟಿದುದಲ್ಲ. ಬೇರೆ ಯಾವುದೋ ಆಶೆಯಿಂದ ಹುಟ್ಟಿದುದು.

ಐರಾವತದ ಕಥೆ ಸರಳವಾದುದು. ಹಸ್ತಿನಾವತಿಯಲ್ಲಿ ಗಾಂಧಾರಿಯು ಗಜಗೌರೀವ್ರತವನ್ನು ಕೈಕೊಳ್ಳುತ್ತಾಳೆ. ಅವಳ ನೂರು ಮಂದಿ ಮಕ್ಕಳು ಮಣ್ಣನ್ನು ತಂದು ರಾಶಿ ಹಾಕಿ ಪರ್ವತದಂತಹ ಆನೆಯನ್ನು ಮಾಡಿ ನಿಲ್ಲಿಸುತ್ತಾರೆ. ಊರಿನ ಹೆಂಗಸರೆಲ್ಲ ಅಲ್ಲಿ ಸೇರುತ್ತಾರೆ. ಕುಂತಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲುವುದಿಲ್ಲ. ತಾಯಿಯ ಬಾಡಿದ ಮುಖವನ್ನು ಕಂಡ ಮಕ್ಕಳು ಮಣ್ಣಿನ ಆನೆ ಏಕೆ, ಇಂದ್ರನ ಆನೆಯನ್ನೇ ತರುತ್ತೇವೆಂದು ಹೊರಡುತ್ತಾರೆ. ಅರ್ಜುನನು ಬಾಣದ ತುದಿಗೆ ಓಲೆಯನ್ನು ಕಟ್ಟಿ ತಂದೆಯಾದ ಇಂದ್ರನಿಗೆ ಕಳುಹಿಸುತ್ತಾನೆ. ಬಾಣಗಳಿಂದಲೇ ಸ್ವರ್ಗಕ್ಕೆ ಸೋಪಾನವನ್ನು ಕಟ್ಟುತ್ತಾನೆ. ಐರಾವತವು ಆ ದಾರಿಯಲ್ಲಿ ಇಳಿದುಬರುತ್ತದೆ. ಕುಂತಿಯ ವ್ರತವು ನೆರವೇರುತ್ತದೆ. ಸಣ್ಣಪುಟ್ಟ ಸಂಗತಿಗಳಲ್ಲಿ ಹೇಳುವವರಿಂದ ಹೇಳುವವರಿಗೆ ಭೇದವುಂಟಾದರೂ ಕಥೆಯ ಕಟ್ಟು ಇಷ್ಟೇ. ಇದು ವ್ಯಾಸಭಾರತದಲ್ಲಿ ಇಲ್ಲ.

ಈ ಸಣ್ಣ ಷಟ್ಪದೀಕಾವ್ಯಕ್ಕೆ ಓದುಗರು ಮೊಟ್ಟಮೊದಲು ತೋರಿದ ಪ್ರತಿಕ್ರಿಯೆಯೆಂದರೆ ಅದಕ್ಕೆ ಕುಮಾರವ್ಯಾಸನ ಹೆಸರನ್ನು ಕೊಟ್ಟುದು. ಇದನ್ನು ಬರಿಯ ತಪ್ಪೆಂದಾಗಲಿ ವಂಚನೆಯೆಂದಾಗಲಿ ತಳ್ಳಿಹಾಕುವುದು ಸಾಧುವಲ್ಲ. ತನ್ನ ಕಾವ್ಯಕ್ಕೆ ವೀರನಾರಾಯಣನೇ ಕವಿಯೆಂದೂ ತಾನು ಲಿಪಿಕಾರ ಮಾತ್ರನೆಂದೂ ಹೇಳಿಕೊಂಡವನು ಸ್ವತಃ ಕುಮಾರವ್ಯಾಸನೇ ಅಲ್ಲವೆ? ವಿನಯದ ಈ ಮಾತಿನಲ್ಲಿ ಒಂದು ಅಪಾಯವೂ ಅಡಗಿದೆ. ಕವಿಯು ದೇವರಾದ ಪಕ್ಷದಲ್ಲಿ ಲಿಪಿಕಾರನು ಯಾರಾದರೇನು? ಗದುಗಿನ ದೇವಸ್ಥಾನದ ಕಂಬವೊಂದನ್ನು ತೋರಿಸಿ, ಒದ್ದೆಬಟ್ಟೆಯನ್ನುಟ್ಟು ಅದರ ಬಳಿ ಕುಳಿತು ಅದು ಆರುವವರೆಗೆ ಮಾತ್ರ ನಾರಣಪ್ಪನು ಬರೆಯುತ್ತಿದ್ದನೆಂದು ಇಂದಿಗೂ ಹೇಳುತ್ತಾರೆ. ಬಟ್ಟೆ ಆರಿದೊಡನೆ ನಿಲ್ಲುವ ಕವಿತ್ವವು ಕವಿಯ ಸ್ವತ್ತಲ್ಲ, ಅವನ ಮೂಲಕ ಹರಿದುಹೋಗುವುದು. ಹೀಗೆ ನಂಬಿದ ಜನರಿಗೆ, ಅದೇ ಛಂದಸ್ಸಿನ ಜಾತಿಯಲ್ಲಿ ಪಾಂಡವರ ಇನ್ನೊಂದು ಕಥೆ ಸಿಕ್ಕಿದಾಗ ಅದನ್ನು ಅದೇ ಹೊಳೆಯ ನೀರೆಂದು ತಿಳಿಯುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಹೆಸರನ್ನು ಕೊಡುವುದು ಅವರ ಮಟ್ಟಿಗೆ ಚರಿತ್ರೆಯ ಹೇಳಿಕೆಯಲ್ಲ. ಮೆಚ್ಚಿಕೆಯ ಒಂದು ರೀತಿ.

ಪಂಡಿತರ ಪ್ರತಿಕ್ರಿಯೆ ಇದಕ್ಕೆ ತೀರ ವಿರುದ್ಧವಾದುದು. ಅವರು ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳುವುದರಿಂದಲೇ ತಮ್ಮ ಅತೃಪ್ತಿಯನ್ನು ಸೂಚಿಸಿದರು. ಮೈಸೂರು ಸರ್ಕಾರಕ್ಕಾಗಿ ಕುವೆಂಪು ಮತ್ತು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಸಂಪಾದಿಸಿದ ೧೯೫೮ರ ಆವೃತ್ತಿಯಲ್ಲಿ ಹತ್ತು ಪರ್ವಗಳಿಗೆ ಮಾತ್ರ ಸ್ಥಾನ. ಅದು ಸರಿಯೇ ಸರಿ. ಕಥಾಮಂಜರಿಯ ಆವೃತ್ತಿಯಲ್ಲಿ ಬೇರೊಂದು ಕೃತಿಗೆ ಎಡೆಯಿಲ್ಲ. ಇಲ್ಲಿ ವಿಚಾರಮಾಡಬೇಕಾದುದು ಆ ನಿರ್ಣಯವನ್ನಲ್ಲ, ಐರಾವತವನ್ನು ಹೊರಗಿಡುವುದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣಗಳನ್ನು.

ಮೂಲದಲ್ಲಿ ಇಲ್ಲದ ಕಥೆಯೆಂಬುದು ಮೊದಲನೆಯ ಕಾರಣ. ಇದು ಬಹಳ ದುರ್ಬಲವಾದುದು. ಕುಮಾರವ್ಯಾಸನು ಮೂಲಕ್ಕೆ ಕಟ್ಟುಬಿದ್ದವನಲ್ಲ. ವ್ಯಾಸನಲ್ಲಿ ಒಂದೆರಡು ಮಾತುಗಳಿರುವ ಕಡೆ ಇಡೀ ಸಂಧಿಯನ್ನು ತುಂಬಿಸಿದವನು, ಉತ್ತರಕುಮಾರನ ಪೌರುಷವನ್ನು ನಾಡಿಗೆಲ್ಲ ಗಾದೆಯ ಮಾತಾಗುವಂತೆ ಬೆಳೆಸಿದವನು, ಮೂಲವನ್ನು ಮೀರಿದನೆಂಬುದರಿಂದಲೇ ಅವನಲ್ಲವೆಂದು ಸಾಧಿಸುವುದಾದರೆ ಅವನ ಭಾರತದ ಬಹುಭಾಗವನ್ನು ಅವನಿಂದ ಕಸಿದುಕೊಳ್ಳಬೇಕಾದೀತು.

ಎರಡನೆಯದು ಶೈಲಿ. ಐರಾವತದಲ್ಲಿ ಭಾರತದ ಪ್ರೌಢಿಮೆಯಿಲ್ಲ, ರೂಪಕಗಳ ಸೂರೆಯಿಲ್ಲ ಎಂಬುದು ಇದರ ತಾತ್ಪರ್ಯ. ಈ ವಾದವು ಮೊದಲಿನದಕ್ಕಿಂತ ಬಲವಾದುದೆಂದು ತೋರಿದರೂ ಅದರೊಳಗೆ ಒಂದು ವ್ಯತ್ಯಯವುಂಟು. ಎಂಟು ಸಾವಿರಕ್ಕೂ ಮೀರಿದ ಪದ್ಯಗಳ ಕಾವ್ಯವನ್ನು ಓದಿ ಮನಸ್ಸು ತುಂಬಿಕೊಂಡವನು, ಅದರ ಅಳತೆಗೋಲನ್ನು ಕೈಯಲ್ಲಿ ಹಿಡಿದು ಒಂದು ವ್ರತದ ಕಥೆಯ ಬಳಿಗೆ ಬರುತ್ತಾನೆ. ಅವನಿಗೆ ನಿರಾಶೆಯಾಗುತ್ತದೆ. ನಿರಾಶೆಯನ್ನು ನಿರಾಶೆಯೆಂದು ಹೇಳದೆ ಅದನ್ನು ಪ್ರಮಾಣವನ್ನಾಗಿ ಮಾಡುತ್ತಾನೆ: ಇದು ನನಗೆ ಹಿಡಿಸಲಿಲ್ಲ, ಆದುದರಿಂದ ಇದು ಅವನದಲ್ಲ. ರಸವಿಮರ್ಶೆಯು ಪಾಠವಿಮರ್ಶೆಯ ವೇಷವನ್ನು ಹಾಕಿಕೊಂಡು ಬರುವುದೆಂದರೆ ಇದೇ. ಒಬ್ಬನೇ ಕವಿ ದೊಡ್ಡದನ್ನೂ ಬರೆದು ಸಣ್ಣದನ್ನೂ ಬರೆಯಬಹುದು. ಚೆನ್ನಾಗಿಯೂ ಬರೆಯಬಹುದು, ಸಾಧಾರಣವಾಗಿಯೂ ಬರೆಯಬಹುದು. ಐರಾವತವು ಕುಮಾರವ್ಯಾಸನದಲ್ಲವೆಂದು ಹೇಳಲು ಬೇರೆ ಆಧಾರವಿಲ್ಲವೆಂದು ಇದರ ಅರ್ಥವಲ್ಲ. ಆ ಆಧಾರವನ್ನು ಹುಡುಕಬೇಕಾದ ಸ್ಥಳ ಬೇರೆ ಎಂದು ಅರ್ಥ.

ಅದನ್ನು ತೋರಿಸಿಕೊಟ್ಟವನು ಗ್ರೀಸ್ ದೇಶದ ಇತಿಹಾಸಕಾರನಾದ ಹೆರೊಡೋಟಸನು. ಹೋಮರನ ಈಲಿಯಡ್ ಕಾವ್ಯವು ಟ್ರಾಯ್ ಯುದ್ಧದ ಕೊನೆಯ ವರ್ಷದ ಕೆಲವು ದಿನಗಳನ್ನು ಮಾತ್ರ ಹೇಳುತ್ತದೆ. ಅದಕ್ಕೆ ಹಿಂದಿನ ಸಂಗತಿಗಳನ್ನೆಲ್ಲ ಹೇಳುವ ‘ಕಿಪ್ರಿಯ’ ಎಂಬ ಕಾವ್ಯವೊಂದು ಪ್ರಾಚೀನ ಕಾಲದಲ್ಲಿದ್ದಿತು. ಈಗ ಅದರ ತುಣುಕುಗಳೂ ಸಾರಾಂಶವೂ ಮಾತ್ರ ಉಳಿದಿವೆ. ಅದನ್ನೂ ಜನರು ಹೋಮರನದೆಂದೇ ಹೇಳುತ್ತಿದ್ದರು. ಹೋಮರನು ಮಗಳ ಮದುವೆಯಲ್ಲಿ ಅಳಿಯನಿಗೆ ಬಳುವಳಿಯಾಗಿ ಅದನ್ನು ಕೊಟ್ಟನೆಂಬ ಕಥೆಯೂ ಹುಟ್ಟಿಕೊಂಡಿತ್ತು. ಹೆರೊಡೋಟಸನು ಅದರ ಶೈಲಿಯ ಮಾತನ್ನೆತ್ತಲಿಲ್ಲ. ಹೆಲೆನಳನ್ನು ಕರೆದುಕೊಂಡು ಪಾರಿಸನು ಮೂರನೆಯ ದಿನವೇ ಊರನ್ನು ಸೇರಿದನೆಂದು ಕಿಪ್ರಿಯ ಹೇಳುತ್ತದೆ. ಈಲಿಯಡ್ಡಿನಲ್ಲಾದರೆ ಅವನು ದಾರಿತಪ್ಪಿ ಅಲೆದನೆಂದಿದೆ. ಆದುದರಿಂದ ಎರಡೂ ಒಬ್ಬನ ಕೃತಿಗಳಲ್ಲ ಎಂದು ಅವನು ನಿರ್ಣಯಿಸಿದನು. ಪೂರ್ವಕಥೆಯು ಮುಂದಿನ ಕಥೆಯೊಡನೆ ಹೊಂದುತ್ತದೆಯೇ ಎಂದು ನೋಡುವ ಈ ಕ್ರಮಕ್ಕೆ ಓದುವವನ ಅಭಿರುಚಿಯ ಹಂಗಿಲ್ಲ.

ಸಂಸ್ಕೃತ ಸಾಹಿತ್ಯದಲ್ಲಿಯೂ ಇದಕ್ಕೆ ಉದಾಹರಣೆಯುಂಟು. ದಂಡಿಯ ದಶಕುಮಾರಚರಿತಕ್ಕೆ ಈಗ ಇರುವ ಪೂರ್ವಪೀಠಿಕೆಯು ಮೂಲದ ಕಥೆಗಳೊಡನೆ ಕೆಲವು ಕಡೆ ಹೊಂದುವುದಿಲ್ಲವಾದುದರಿಂದ ಅದು ಬೇರೆ ಕೈಯ ಬರೆಹವೆಂದು ವಿದ್ವಾಂಸರು ಎಣಿಸುತ್ತಾರೆ. ಆದರೆ ಅಲ್ಲಿ ನಿಜವಾದ ಮೊದಲ ಭಾಗ ಕಳೆದುಹೋಗಿದ್ದಿತು, ತುಂಬಿದವನು ತುಂಬಲೇಬೇಕಾಗಿದ್ದಿತು.

ಈ ಒರೆಗಲ್ಲಿಗೆ ಐರಾವತವನ್ನು ಹಚ್ಚಿ ನೋಡಿದರೆ ಫಲವೇನು? ವನಪರ್ವದಲ್ಲಿ ಅರ್ಜುನನು ಅಸ್ತ್ರಗಳಿಗಾಗಿ ತಪಸ್ಸು ಮಾಡಿ, ಶಿವನೊಡನೆ ಹೋರಾಡಿ, ಮಾತಲಿಯ ರಥವನ್ನೇರಿ ಇಂದ್ರಲೋಕಕ್ಕೆ ಹೋಗುತ್ತಾನಷ್ಟೆ. ವ್ಯಾಸಭಾರತದಲ್ಲಿ ಅವನು ಅಮರಾವತಿಯ ಬಾಗಿಲಿಗೆ ಬಂದಾಗ ಅಲ್ಲಿ ನಿಂತಿರುವ ನಾಲ್ಕು ದಂತಗಳ ಬಿಳಿಯ ಐರಾವತವನ್ನು ಕಾಣುತ್ತಾನೆ. ಕೈಲಾಸ ಶಿಖರದಂತಹ ಅದರ ನಿಲುವನ್ನು ಕವಿಯು ಹೊಸಬನ ಕಣ್ಣಿಗೆ ಬಿದ್ದ ಅದ್ಭುತವೆಂಬಂತೆ ವರ್ಣಿಸುತ್ತಾನೆ. ಬಾಲ್ಯದಲ್ಲಿಯೇ ಆ ಆನೆಯನ್ನು ತಾಯಿಯ ಮನೆಯಂಗಳಕ್ಕೆ ಇಳಿಸಿದವನಿಗೆ ಇದರಲ್ಲಿ ಹೊಸತೇನು? ತಾನೇ ಕಟ್ಟಿದ ಸೋಪಾನವೊಂದು ಇದ್ದಾಗ ಮಾತಲಿಯ ರಥವಾದರೂ ಏಕೆ? ತಂದೆಗೆ ಓಲೆಯನ್ನು ಬರೆದು ಆನೆಯನ್ನು ತರಿಸಿಕೊಂಡವನು ಅಸ್ತ್ರಗಳನ್ನೂ ಹಾಗೆಯೇ ತರಿಸಿಕೊಳ್ಳಬಹುದಾಗಿತ್ತಲ್ಲ! ಇನ್ನು ಖಾಂಡವದಹನದಲ್ಲಿ ಇಂದ್ರನು ಸುರಿಸಿದ ಮಳೆಯನ್ನು ಬಾಣಗಳ ಹಂದರದಿಂದ ತಡೆದು ಅರ್ಜುನನು ತಂದೆಯನ್ನೇ ಎದುರಿಸುತ್ತಾನೆ. ಎಂದೂ ಮುಖವನ್ನು ನೋಡದ ತಂದೆಯೊಡನೆ ಮಗನು ಹೋರಾಡುವುದಕ್ಕೂ, ಹಿಂದೆ ಕೇಳಿದುದನ್ನು ಕೊಟ್ಟ ತಂದೆಯೊಡನೆ ಹೋರಾಡುವುದಕ್ಕೂ ಬಹಳ ಅಂತರವಿದೆ. ಎರಡನೆಯದಾದರೆ ಕೃತಘ್ನತೆಯ ಛಾಯೆ ಬೀಳುತ್ತದೆ. ಅದಕ್ಕೆ ಸಮಾಧಾನವನ್ನು ಹೇಳುವ ಭಾರ ಯಾವ ಭಾರತದ ಮೇಲೂ ಇಲ್ಲ. ಏಕೆಂದರೆ ಯಾವ ಭಾರತಕ್ಕೂ ಐರಾವತದ ಸಂಗತಿ ತಿಳಿಯದು.

ಇದಕ್ಕಿಂತ ದೊಡ್ಡ ತೊಡಕು ಅರಗಿನ ಮನೆಯದು. ಸ್ವರ್ಗವು ಒಂದು ಬಾಣಸೋಪಾನದಷ್ಟು ದೂರದಲ್ಲಿರುವ ಕುಮಾರರು ಸುರಂಗದಲ್ಲಿ ನುಸುಳಿ, ಕಾಡಿನಲ್ಲಿ ಅಲೆದು, ಏಕಚಕ್ರಪುರದಲ್ಲಿ ಭಿಕ್ಷೆಯೆತ್ತಿ ಬದುಕುವುದನ್ನು ಓದುಗನು ಹೇಗೆ ನಂಬಬೇಕು? ಊರೆಲ್ಲ ನೋಡುತ್ತಿರುವಂತೆ ಇಂದ್ರನ ಆನೆಯೇ ಇಳಿದುಬಂದ ಮೇಲೆ ಅವರನ್ನು ಅರಗಿನ ಮನೆಯಲ್ಲಿ ಸುಡಬಹುದೆಂದು ದುರ್ಯೋಧನನಿಗಾದರೂ ಹೇಗೆ ತೋರೀತು? ಪೂರ್ವಕಥೆಯನ್ನು ಬರೆಯುವವರೆಲ್ಲ ಎಡವುವ ಕಲ್ಲು ಇದೇ ಆಗಿದೆ. ನಾಯಕನ ಮಹಿಮೆಯನ್ನು ಮುಂಚಿತವಾಗಿ ತೋರಿಸುವ ಆತುರದಲ್ಲಿ ಮುಂದೆ ಅವನು ಪಡಬೇಕಾದ ಕಷ್ಟಗಳ ಕೆಳಗಿನ ನೆಲವನ್ನೇ ಕಡಿದುಬಿಡುತ್ತಾರೆ. ಇತ್ತೀಚಿನ ಇಂಗ್ಲಿಷ್ ಸಾಹಿತ್ಯದಲ್ಲಿ, ನಿಧಿಯ ಮೇಲೆ ಮಲಗಿ ಬೆಂಕಿಯನ್ನುಗುಳುವ ಘಟಸರ್ಪದ ಕಥೆಯನ್ನು ೧೯೩೭ರಲ್ಲಿ ಬರೆದ ಟಾಲ್ಕಿನ್ ಎಂಬ ಪಂಡಿತನು, ಅದರ ಮುಂದಿನ ಮಹಾಕಥೆಯನ್ನು ಬರೆಯತೊಡಗಿದಾಗ ಎರಡೂ ಹೊಂದದಿರುವುದನ್ನು ಕಂಡನು. ೧೯೫೧ರ ಆವೃತ್ತಿಯಲ್ಲಿ ಹಿಂದಿನ ಪುಸ್ತಕದ ಒಂದು ಅಧ್ಯಾಯವನ್ನೇ ತಿದ್ದಿ ಸರಿಪಡಿಸಿದನು. ಎರಡೂ ಅವನವೇ ಆದುದರಿಂದ ಅವನಿಗೆ ಆ ಅಧಿಕಾರವಿದ್ದಿತು. ಐರಾವತದ ಕವಿಗೆ ಭಾರತವನ್ನು ತಿದ್ದುವ ಅಧಿಕಾರವಿರಲಿಲ್ಲ. ಅವನು ಕುಮಾರವ್ಯಾಸನೇ ಆಗಿದ್ದ ಪಕ್ಷದಲ್ಲಿ ಆ ಅಧಿಕಾರವಿದ್ದೂ ಅದನ್ನು ಉಪಯೋಗಿಸಲಿಲ್ಲವೆಂದು ಹೇಳಬೇಕಾಗುತ್ತದೆ. ಕರ್ತೃತ್ವದ ವಿಷಯದಲ್ಲಿ ಶೈಲಿಯ ವಾದಕ್ಕಿಂತ ಈ ಅಂಶಕ್ಕೆ ಹೆಚ್ಚು ತೂಕವುಂಟು; ಇದು ನಾರಣಪ್ಪನ ಕೃತಿಯಾಗಿರಲಾರದೆಂಬ ಕಡೆಗೇ ತಕ್ಕಡಿಯು ಬಾಗುತ್ತದೆ.

ಅದೇ ಕಡೆಗೆ ಬಾಗಿಸುವ ಇನ್ನೊಂದು ಸಂಗತಿಯೂ ಇದೆ. ಕುಮಾರವ್ಯಾಸನು ತಾನು ಹೇಳುವುದು ಕೃಷ್ಣನ ಕಥೆಯೆಂದು ಮೊದಲಿಗೇ ಪ್ರತಿಜ್ಞೆ ಮಾಡಿದವನು. ವ್ಯಾಸನ ಕ್ರಮದಲ್ಲಿ ಕೃಷ್ಣನು ಪಾಂಡವರನ್ನು ಸಂಧಿಸುವುದು ದ್ರೌಪದಿಯ ಸ್ವಯಂವರದಲ್ಲಿ. ಅದಕ್ಕೆ ಹಿಂದೆ ನಡೆಯುವ ಕಥೆಯಲ್ಲಿ ಕೃಷ್ಣನಿಗೆ ಸಹಜವಾದ ಸ್ಥಾನವೇ ಇಲ್ಲ. ಕೃಷ್ಣನಿಲ್ಲದ ಕಾಲವನ್ನೇ ಆರಿಸಿಕೊಂಡು ಆ ಕವಿಯು ಇನ್ನೊಂದು ಕಾವ್ಯವನ್ನು ಬರೆದನೆಂದು ನಂಬುವುದು ಕಷ್ಟ.

ಇಷ್ಟಾದರೂ ಅದು ಕುಮಾರವ್ಯಾಸನದಲ್ಲವೆಂದ ಮಾತ್ರಕ್ಕೆ ಅದನ್ನು ಓದಬೇಕಾದುದಿಲ್ಲವೆಂದು ಹೇಗೆ ಆದೀತು? ಈ ಎರಡನೆಯ ಹೆಜ್ಜೆಯನ್ನು ಪಂಡಿತರು ಯಾವ ವಾದವೂ ಇಲ್ಲದೆ ಇಟ್ಟುಬಿಡುತ್ತಾರೆ. ಕನ್ನಡದ ಓದುಗರಿಗೆ ಪೂರ್ವಕಥೆಯೆಂಬುದು ಹೊಸ ವಸ್ತುವಲ್ಲ. ಗದುಗಿಗೆ ಹತ್ತಿರದಲ್ಲಿಯೇ ಇರುವ ಲಕ್ಷ್ಮೇಶ್ವರವು ಹಿಂದಿನ ಪುಲಿಗೆರೆ. ಅಲ್ಲಿಯ ತಿರುಳ್ಗನ್ನಡದಲ್ಲಿ ಭಾರತವನ್ನು ಹೇಳಿದೆನೆಂದು ಪಂಪನು ಹೆಮ್ಮೆಪಟ್ಟಿದ್ದಾನೆ. ಆ ಪಂಪನೇ ೯೪೧ರಲ್ಲಿ ಬರೆದ ಆದಿಪುರಾಣದಲ್ಲಿ, ವೃಷಭನಾಥನ ಜನ್ಮಕ್ಕೆ ಮೊದಲು ಅವನ ಹಿಂದಿನ ಭವಗಳ ಕಥೆಗಳೇ ಕಾವ್ಯದ ದೊಡ್ಡ ಭಾಗವೊಂದನ್ನು ಆಕ್ರಮಿಸಿಕೊಂಡಿವೆ. ಲಲಿತಾಂಗನೂ ಸ್ವಯಂಪ್ರಭೆಯೂ, ಆ ಬಳಿಕ ವಜ್ರಜಂಘನೂ ಶ್ರೀಮತಿಯೂ ಓದುಗರ ಹೃದಯದಲ್ಲಿ ಉಳಿದಷ್ಟು ಆ ಪುರಾಣದ ಉಳಿದ ಎಷ್ಟೋ ಪಾತ್ರಗಳು ಉಳಿಯಲಿಲ್ಲ. ಆದರೆ ಅಲ್ಲಿ ಹಿಂದಿನ ಕಥೆಯು ಮುಂದಿನದಕ್ಕೆ ಕಾರಣವಾಗಿದೆ. ಶ್ರೀಮತಿಯಾಗಿದ್ದ ಜೀವವೇ ಶ್ರೇಯಾಂಸನಾಗಿ ಹುಟ್ಟಿ, ಹಿಂದಿನ ಭವದಲ್ಲಿ ಮುನಿಗಳಿಗೆ ದಾನಮಾಡಿದುದನ್ನು ನೆನೆದು, ಯಾರಿಗೂ ತೋಚದಿದ್ದ ಆಹಾರದಾನದ ಕ್ರಮವನ್ನು ತಿಳಿದು, ಆದಿಜಿನನಿಗೆ ಕಬ್ಬಿನ ಹಾಲನ್ನು ನೀಡುತ್ತಾನೆ. ಪೂರ್ವಕಥೆಯನ್ನು ತೆಗೆದುಹಾಕಿದರೆ ಆ ದಾನಕ್ಕೆ ಬೇರಿಲ್ಲ. ಐರಾವತವು ಭಾರತದ ಯಾವುದಕ್ಕೂ ಕಾರಣವಲ್ಲ. ಅದನ್ನು ತೆಗೆದರೆ ಭಾರತದಲ್ಲಿ ಒಂದು ಎಳೆಯೂ ಸಡಿಲವಾಗುವುದಿಲ್ಲ. ಜೈನಪುರಾಣದ ಭವಾವಳಿಯು ಮರದ ಬೇರಾದರೆ ಇದು ಮರಕ್ಕೆ ಕಟ್ಟಿದ ತೋರಣ.

ತೋರಣವನ್ನು ಕಟ್ಟಿದವರು ಯಾರು, ಯಾವ ಹಬ್ಬಕ್ಕಾಗಿ ಎಂದು ಕೇಳಿದಾಗ ಮೂರನೆಯ ಬಗೆಯ ವಾಚಕರು, ಎಂದರೆ ಕಥೆಯನ್ನು ಕೇಳಿದ ಹೆಂಗಸರು, ಕಣ್ಣಿಗೆ ಬೀಳುತ್ತಾರೆ. ಈ ಕಥೆಯು ಕನ್ನಡಕ್ಕೆ ಮಾತ್ರ ಸೇರಿದುದಲ್ಲ. ಉತ್ತರ ಹಿಂದುಸ್ಥಾನದಲ್ಲಿ ಮಹಾಲಕ್ಷ್ಮೀವ್ರತದ ದಿನ ಮಣ್ಣಿನ ಆನೆಯನ್ನು ಪೂಜಿಸುವ ಹೆಂಗಸರು ಗಾಂಧಾರಿಯ ಆನೆಯ ಮತ್ತು ಕುಂತಿಯ ಐರಾವತದ ಕಥೆಯನ್ನೇ ಹೇಳುತ್ತಾರೆ. ಗೌರಿಯ ಸ್ಥಳದಲ್ಲಿ ಲಕ್ಷ್ಮಿ ಇದ್ದಾಳೆ, ಅಷ್ಟೇ. ಇಷ್ಟು ದೂರ ಹರಡಿದ ಕಥೆಯನ್ನು ಒಬ್ಬ ಕವಿ ಕಲ್ಪಿಸಿದನೆಂದು ಹೇಳುವುದಕ್ಕಿಂತ, ವ್ರತವನ್ನು ಆಚರಿಸುವವರ ಬಾಯಿಂದ ಬಂದುದನ್ನು ಕವಿಯೊಬ್ಬನು ಷಟ್ಪದಿಗೆ ಇಳಿಸಿದನೆಂದು ಹೇಳುವುದು ಯುಕ್ತವಾಗಿದೆ. ಹಾಗಾದರೆ ಇದರ ಮೊದಲ ಶ್ರೋತೃಗಳು ಭಾರತದ ಪೂರ್ವಕಥೆಯನ್ನು ಕೇಳಲು ಕುಳಿತವರಲ್ಲ. ತಮ್ಮ ವ್ರತದ ಕಥೆಯನ್ನು ಕೇಳಲು ಕುಳಿತವರು. ಸೋಪಾನವನ್ನು ಮುಂದೆ ಏಕೆ ಉಪಯೋಗಿಸಲಿಲ್ಲವೆಂಬ ಪ್ರಶ್ನೆ ಅವರಿಗೆ ಹುಟ್ಟುವುದೇ ಇಲ್ಲ. ಪೂಜೆ ಮುಗಿದ ಮೇಲೆ ಆನೆ ಸ್ವರ್ಗಕ್ಕೆ ಹಿಂದಿರುಗುತ್ತದೆ, ಮಣ್ಣಿನ ಮೂರ್ತಿ ನೀರಿಗೆ ಹೋಗುವಂತೆ.

ಗದುಗು, ಮುಂಡರಗಿ, ಶಿರಹಟ್ಟಿಗಳ ಸುತ್ತಿನ ಒಕ್ಕಲಿನ ಮನೆಗಳಲ್ಲಿ ಮಣ್ಣಿನ ಮೂರ್ತಿಗೆ ಇರುವ ಸ್ಥಾನವನ್ನು ಬಲ್ಲವರಿಗೆ ಈ ಕಥೆಯ ಇನ್ನೊಂದು ಸ್ವಾರಸ್ಯವೂ ತಿಳಿದೀತು. ಕಾರಹುಣ್ಣಿಮೆಯ ಬೆನ್ನಿಗೇ ಬರುವ ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಮಣ್ಣಿನಿಂದ ಎತ್ತುಗಳನ್ನು ಮಾಡಿ ಪೂಜಿಸುತ್ತಾರೆ. ಆ ಬಳಿಕ ಗುಳಕವ್ವ, ಗಣಪತಿ, ಜೋಕುಮಾರ, ಹೀಗೆ ಮಳೆಗಾಲವೆಲ್ಲ ಮಣ್ಣಿನ ದೇವರುಗಳು ಬಂದುಹೋಗುತ್ತವೆ. ಎತ್ತಿಲ್ಲದವನ ಮನೆಯಲ್ಲಿಯೂ ಅಂದು ಮಣ್ಣಿನ ಎತ್ತು ಇರುತ್ತದೆ. ಅಲ್ಲಿ ಮಣ್ಣು ಬಡವನ ದ್ರವ್ಯ. ಒಂದು ಹಿಡಿ ಸಾಕು. ಐರಾವತದ ಕಥೆಯಲ್ಲಿ ಇದು ತಲೆಕೆಳಗಾಗಿದೆ. ಮಣ್ಣಿನ ಆನೆ ಸಿರಿವಂತರದು. ನೂರು ಮಂದಿ ಹೊತ್ತು ತಂದ ಮಣ್ಣಿನ ಗಾತ್ರವೇ ಅವರ ದರ್ಪ. ಏನೂ ಇಲ್ಲದವಳಿಗೆ ನಿಜವಾದ ಆನೆ ದೊರೆಯುತ್ತದೆ. ಒಂದು ಹಿಡಿ ಮಣ್ಣಿನಲ್ಲಿ ದೇವರನ್ನು ಕಾಣುವ ಮನೆಯವರು ಈ ಕಥೆಯನ್ನು ಕೇಳಿ ಸಂತೋಷಪಡುವುದು ಮಣ್ಣಿಗೆ ಸೋಲಾಯಿತೆಂದಲ್ಲ, ಮಣ್ಣನ್ನೂ ಪ್ರದರ್ಶನದ ವಸ್ತುವನ್ನಾಗಿ ಮಾಡಿದವರಿಗೆ ಸೋಲಾಯಿತೆಂದು.

ಶಾಸ್ತ್ರವನ್ನು ಬಲ್ಲವರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಗೌರೀವ್ರತವು ಮುತ್ತೈದೆಯರದು, ಪಾಂಡುವು ಶತಶೃಂಗದಲ್ಲಿಯೇ ತೀರಿಕೊಂಡನಾದುದರಿಂದ ಕುಂತಿಯು ಹಸ್ತಿನಾವತಿಗೆ ಬಂದುದು ವಿಧವೆಯಾಗಿ. ಅವಳು ಈ ವ್ರತವನ್ನು ಹೇಗೆ ಮಾಡಿಯಾಳು? ಆಕ್ಷೇಪ ಸರಿಯಾದುದೇ. ಆದರೆ ಈ ಕಥೆಯನ್ನು ತಲೆತಲಾಂತರದಿಂದ ಹೇಳಿಕೊಂಡು ಬಂದವರು ವ್ರತದ ನಿಯಮವನ್ನು ಪಂಡಿತರಿಗಿಂತ ಚೆನ್ನಾಗಿ ಬಲ್ಲ ಹೆಂಗಸರೇ ಆಗಿದ್ದಾರೆ. ಅವರಿಗೆ ಈ ವಿರೋಧ ತಿಳಿಯದೆ ಹೋಯಿತೆಂದು ಭಾವಿಸುವುದಕ್ಕಿಂತ, ತಿಳಿದೂ ಬದಿಗಿರಿಸಿದರೆಂದು ಭಾವಿಸುವುದು ಮೇಲು. ಗಂಡನಿಲ್ಲದೆ, ಮೈದುನನೋ ಭಾವನೋ ಆಳುವ ಮನೆಯಲ್ಲಿ, ಐದು ಮಂದಿ ತಬ್ಬಲಿ ಮಕ್ಕಳನ್ನಿಟ್ಟುಕೊಂಡು, ಓರಗಿತ್ತಿಯ ಹಬ್ಬದ ಸಡಗರವನ್ನು ದೂರದಿಂದ ನೋಡುವ ಹೆಂಗಸಿನ ಸ್ಥಿತಿ ಅವರಿಗೆ ತಿಳಿಯದುದಲ್ಲ. ವ್ಯಾಸನ ಆದಿಪರ್ವದಲ್ಲಿ ಹಸ್ತಿನಾವತಿಯ ಆ ವರ್ಷಗಳ ಕುಂತಿಯು ಹೆಚ್ಚು ಮಾತನಾಡುವುದಿಲ್ಲ. ಅವಳ ತೇಜಸ್ಸು ಪೂರ್ಣವಾಗಿ ಹೊರಬೀಳುವುದು ಉದ್ಯೋಗಪರ್ವದಲ್ಲಿ, ವಿದುಲೆಯ ಕಥೆಯನ್ನು ಹೇಳಿ ಮಕ್ಕಳಿಗೆ ಸಂದೇಶವನ್ನು ಕಳುಹಿಸುವಾಗ. ಮೌನದ ಆ ವರ್ಷಗಳಲ್ಲಿ ಅವಳಿಗೆ ಒಂದು ದಿನದ ಗೌರವವನ್ನು ಕೊಡಬೇಕೆಂಬುದೇ ಐರಾವತವನ್ನು ಹುಟ್ಟಿಸಿದ ಆಶೆ. ಅದು ಅರ್ಜುನನ ಪೂರ್ವಕಥೆಯೆಂದು ಓದಿದ್ದರಿಂದ ಪಂಡಿತರಿಗೆ ತೊಡಕುಗಳು ಕಂಡವು. ಅದು ಕುಂತಿಯ ಕಥೆ.

ರಂಗದ ಮೇಲೆ ಇದು ಮತ್ತೊಂದು ರೂಪವನ್ನು ತಳೆಯಿತು. ಯಕ್ಷಗಾನದವರು ಇದನ್ನು ಪ್ರಸಂಗವನ್ನಾಗಿ ಆಡುತ್ತಾರೆ. ಅಲ್ಲಿ ಸಹಜವಾಗಿಯೇ ಸೋಪಾನವನ್ನು ಕಟ್ಟುವ ವೀರರಸಕ್ಕೆ ಪ್ರಾಧಾನ್ಯ ಬಂದಿತು. ವ್ಯಾಸನಲ್ಲಿ ಇಲ್ಲದ ಇನ್ನೊಂದು ಬಾಣದ ಸೇತುವೆಯ ಕಥೆಯೂ ಅವರಲ್ಲಿ ಪ್ರಸಿದ್ಧವಾಗಿದೆ. ‘ಶರಸೇತು’ವಿನಲ್ಲಿ ಅರ್ಜುನನು ಕಟ್ಟಿದ ಸೇತುವೆ ಹನುಮಂತನ ಭಾರಕ್ಕೆ ಮುರಿಯುತ್ತದೆ. ಒಂದರಲ್ಲಿ ದೇವಗಜವನ್ನೇ ಹೊತ್ತ ಬಾಣಗಳು ಇನ್ನೊಂದರಲ್ಲಿ ಒಂದು ಕಪಿಯನ್ನು ಹೊರಲಾರದೆ ಹೋದುವು. ಈ ಎರಡನ್ನೂ ಬಲ್ಲ ಪ್ರೇಕ್ಷಕರು ಅದರಲ್ಲಿ ವಿರೋ್ಧವನ್ನು ಕಂಡಂತೆ ತೋರುವುದಿಲ್ಲ. ಮೊದಲನೆಯದನ್ನು ತಾಯಿಗಾಗಿ ಕಟ್ಟಿದನು, ಎರಡನೆಯದನ್ನು ರಾಮನಿಗಿಂತ ತಾನು ಹೆಚ್ಚೆಂದು ತೋರಿಸುವುದಕ್ಕಾಗಿ ಕಟ್ಟಿದನು ಎಂಬಷ್ಟು ವಿವೇಕ ಅವರಲ್ಲಿ ಉಂಟು.

ಕೊನೆಗೆ, ಭಾರತದೊಡನೆ ಐರಾವತವನ್ನು ಸೇರಿಸಿ ಓದಿದವನಿಗೆ ನಷ್ಟವೇ ಹೊರತು ಲಾಭವಿಲ್ಲವೇ ಎಂಬುದನ್ನು ನೋಡಬೇಕಾಗಿದೆ. ಅರಗಿನ ಮನೆಯಿಂದ ತಪ್ಪಿಸಿಕೊಂಡ ರಾತ್ರಿ ಭೀಮನು ತಾಯಿಯನ್ನು ಹೊತ್ತು ನಡೆಯುತ್ತಾನೆ. ನೀರನ್ನು ತರಲು ಹೋಗಿ ಹಿಂದಿರುಗುವಷ್ಟರಲ್ಲಿ ಅವಳೂ ಅವನ ಸೋದರರೂ ಬಳಲಿ ಬರಿಯ ನೆಲದ ಮೇಲೆ ನಿದ್ದೆಹೋಗಿರುತ್ತಾರೆ. ವಸುದೇವನ ತಂಗಿ, ಕುಂತಿಭೋಜನ ಮಗಳು, ಪಾಂಡುವಿನ ಅರಸಿ ನೆಲದ ಮೇಲೆ ಮಲಗುವಂತಾಯಿತೆಂದು ಭೀಮನು ಮರುಗುವುದನ್ನು ವ್ಯಾಸನು ವಿಸ್ತಾರವಾಗಿ ಹೇಳಿದ್ದಾನೆ. ಗಜಗೌರಿಯ ಕಥೆಯನ್ನು ಮೊದಲು ಕೇಳಿ ಬಂದವನಿಗೆ ಈ ಚಿತ್ರವು ಬೇರೆಯಾಗಿ ಕಾಣುತ್ತದೆ. ಯಾವಳ ಪೂಜೆಗಾಗಿ ಐರಾವತವು ನೆಲಕ್ಕೆ ಇಳಿಯಿತೋ ಅವಳೇ ಆ ನೆಲದ ಮೇಲೆ ಹಾಸಿಗೆಯಿಲ್ಲದೆ ಮಲಗಿದ್ದಾಳೆ. ಹೀಗೆ ಓದುವಾಗ, ಮೇಲೆ ದೋಷವೆಂದು ಎಣಿಸಿದುದೇ ಕರುಣಕ್ಕೆ ಒದಗುತ್ತದೆ: ಸೋಪಾನವನ್ನು ಕಟ್ಟಬಲ್ಲ ಮಗನೂ ಪಕ್ಕದಲ್ಲಿಯೇ ನಿದ್ದೆಹೋಗಿದ್ದಾನೆ. ತರಗತಿಯಲ್ಲಿ ಆದಿಪರ್ವವನ್ನು ಪಾಠಹೇಳುವ ಅಧ್ಯಾಪಕರು ಈ ಘಟ್ಟಕ್ಕೆ ಬರುವ ಮೊದಲು ಐರಾವತದ ಕಥೆಯನ್ನು, ಅದು ಕುಮಾರವ್ಯಾಸನದಲ್ಲವೆಂದು ತಿಳಿಸಿಯೇ, ವಿದ್ಯಾರ್ಥಿಗಳಿಗೆ ಒಮ್ಮೆ ಹೇಳಿ ನೋಡಬಹುದು. ಮನೆಯಲ್ಲಿ ಅಜ್ಜಿಯಿಂದ ಅದನ್ನು ಕೇಳಿಬಂದವರು ತರಗತಿಯಲ್ಲಿ ಒಬ್ಬಿಬ್ಬರಾದರೂ ಸಿಗುವ ಸಂಭವವುಂಟು. ಕುಂತಿಯ ಮುಖ ಬಾಡಿದುದು ಏಕೆಂದು ಅವರು ಯಾವ ರೀತಿಯಲ್ಲಿ ಹೇಳುತ್ತಾರೆಂಬುದನ್ನು ಬರೆದಿಟ್ಟುಕೊಂಡರೆ ಷಟ್ಪದಿಯ ಪಾಠದೊಡನೆ ಹೋಲಿಸುವುದಕ್ಕೆ ಉಪಯೋಗವಾದೀತು.